ಕಾರ್ಸ್ಟ್: ಕಲ್ಲಿನ ಹೆಸರಲ್ಲ, ಕಮರಿಯ ಹೆಸರೂ ಅಲ್ಲ

‘ಕಾರ್ಸ್ಟ್ ಕಲ್ಲಿನ ಕಮರಿಯಲ್ಲಿ ಸೈಕಲ್ ಪಯಣ’, ‘ಕಾರ್ಸ್ಟ್ ಕಣಿವೆಯ ಚಾರಣ’. ಪ್ರವಾಸದ ಬರಹಗಳಲ್ಲಿ ಇಂಥ ತಲೆಬರಹಗಳು ಪದೇ ಪದೇ ಕಾಣುತ್ತಿವೆ. ಆ ತಲೆಬರಹಗಳ ಕೆಳಗಿನ ಚಿತ್ರದಲ್ಲಿರುವುದು ಒಮ್ಮೆ ಕೆಂಪು ಮರಳುಗಲ್ಲು, ಇನ್ನೊಮ್ಮೆ ಕಪ್ಪು ಬಸಾಲ್ಟ್. ಎರಡು ಕಡಿದಾದ ಗೋಡೆ, ನಡುವೆ ಒಂದು ಹೊಳೆ ಕಂಡರೆ ಸಾಕು, ಕಾರ್ಸ್ಟ್ ಎಂದು ಬರೆದು ಮುಗಿಸುತ್ತಾರೆ. ಕಾರ್ಸ್ಟ್ ಎಂಬ ಕಲ್ಲೇ ಇಲ್ಲ. ಕಲ್ಲಿನ ಹೆಸರು ಸುಣ್ಣದಕಲ್ಲು. ಅದು ನೀರಿಗೆ ಕರಗಿ, ಮೇಲೆ ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದು ನೆಲದಡಿಯಲ್ಲೇ ಹರಿಯತೊಡಗಿದಾಗ ಆ ಸೀಮೆಗೆ ಬರುವ ಸ್ವರೂಪವನ್ನು ಕಾರ್ಸ್ಟ್ ಎನ್ನುತ್ತಾರೆ. ಕರಗುವ ಬೇರೆ ಕಲ್ಲುಗಳಾದ ಡಾಲೊಮೈಟ್, ಜಿಪ್ಸಮ್ ಇರುವಲ್ಲೂ ಹೀಗಾಗುತ್ತದೆ. ಸುಣ್ಣದಕಲ್ಲು ಇದ್ದ ಮಾತ್ರಕ್ಕೆ ಹೀಗಾಗಲೇಬೇಕು ಎಂದೇನೂ ಇಲ್ಲ.

ಸುಣ್ಣದಕಲ್ಲು ಕರಗಲು ಬರೀ ನೀರು ಸಾಲದು. ಮಳೆಹನಿ ಗಾಳಿಯಿಂದ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬರುತ್ತದೆ. ಬೇರು, ಕೊಳೆತ ಎಲೆಗಳಿರುವ ಮಣ್ಣಿನೊಳಗೆ ಇಳಿದಾಗ ಅದಕ್ಕೆ ಹತ್ತಾರು ಪಟ್ಟು ಹೆಚ್ಚು ಸಿಗುತ್ತದೆ. ಹೀಗೆ ತುಸು ಹುಳಿಯಾದ ನೀರು ಕಲ್ಲಿನ ಕೂದಲೆಳೆಯ ಬಿರುಕನ್ನು ಹೊಕ್ಕು ಅದನ್ನು ಅಗಲಿಸುತ್ತದೆ. ಅಗಲವಾದ ಬಿರುಕು ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಗುಹೆಯ ಹುಟ್ಟು ಇಷ್ಟೇ.

ಪದದ ಹುಟ್ಟು ಇದಕ್ಕಿಂತ ಸ್ವಾರಸ್ಯದ್ದು. ಇಟಲಿಯ ತ್ರಿಯೆಸ್ತೆ ಬಂದರಿನ ಬೆನ್ನಿಗೆ, ಇಂದಿನ ಸ್ಲೊವೇನಿಯಾ ಗಡಿಯ ಎರಡೂ ಬದಿಗೆ ಹರಡಿಕೊಂಡಿರುವ ಒಂದು ಸುಣ್ಣದಕಲ್ಲಿನ ಪ್ರಸ್ಥಭೂಮಿ ಇದೆ. ಸ್ಲೊವೇನಿಯನ್ನರಿಗೆ ಅದು ಕ್ರಾಸ್, ಇಟಾಲಿಯನ್ನರಿಗೆ ಕಾರ್ಸೊ, ಜರ್ಮನ್ ಮಾತಾಡುವವರಿಗೆ ಕಾರ್ಸ್ಟ್. ಮೂರೂ ಒಂದೇ ಹಳೆಯ ಹೆಸರಿನ ರೂಪಗಳು. ರೋಮನ್ನರ ಕಾಲಕ್ಕಾಗಲೇ ಅದು ಬಳಕೆಯಲ್ಲಿತ್ತು. ಅದರ ಬುಡದಲ್ಲಿರುವ ‘ಕರ್’ ಎಂಬ ಧಾತುವಿಗೆ ಕಲ್ಲು ಎಂಬ ಅರ್ಥವಿದೆ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಊರಿನವರ ಉಚ್ಚಾರವನ್ನು ಬಿಟ್ಟು ಜರ್ಮನ್ ರೂಪವೇ ಜಗತ್ತಿಗೆ ಹರಡಿದ್ದಕ್ಕೆ ಕಾರಣ ರಾಜಕೀಯ. 19ನೇ ಶತಮಾನದಲ್ಲಿ ಆ ಸೀಮೆ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು, ಅದರ ಭೂವಿಜ್ಞಾನ ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಬರೆಯಲ್ಪಡುತ್ತಿತ್ತು. ಸರ್ಬಿಯಾದ ಭೂಗೋಳತಜ್ಞ ಯೊವಾನ್ ತ್ಸ್ವಿಯಿಚ್ 1893ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ಪ್ರಬಂಧದ ನಂತರ ಆ ಒಂದು ಊರಸೀಮೆಯ ಹೆಸರು ಇಂಥ ಎಲ್ಲ ನೆಲಕ್ಕೂ ಸಾಮಾನ್ಯ ನಾಮವಾಗಿ ನಿಂತಿತು.

ಊರಮಾತು ಶಾಸ್ತ್ರಕ್ಕೆ ಹೋದಾಗ ಆಗುವ ಗೊಂದಲವೂ ಇದರ ಜೊತೆಯಲ್ಲೇ ಬಂತು. ಸುಣ್ಣದಕಲ್ಲಿನ ನೆಲದಲ್ಲಿ ಬಾಣಲೆಯಂತೆ ತಗ್ಗಾಗಿರುವ ಕುಳಿಗಳಿಗೆ ಭೂವಿಜ್ಞಾನಿಗಳು ‘ಡೊಲಿನ್’ ಎನ್ನುತ್ತಾರೆ. ಮೂಲ ಪದ ‘ದೊಲಿನಾ’. ಸ್ಲೊವೇನಿಯನ್ನರ ದಿನಬಳಕೆಯಲ್ಲಿ ಅದರ ಅರ್ಥ ಕಣಿವೆ! ಕುಳಿಗೆ ಅವರು ಹೇಳುವುದು ‘ವರ್ತಾಚಾ’. ಹಾಗಾಗಿ ಅಲ್ಲಿನ ನಕ್ಷೆ ಹಿಡಿದು ಹೊರಟವರು ‘ದೊಲಿನಾ’ ಎಂದಿರುವಲ್ಲೆಲ್ಲ ಕುಳಿಯೇ ಇರುತ್ತದೆ ಎಂದುಕೊಳ್ಳಬಾರದು, ಅಲ್ಲಿರುವುದು ನಿಜವಾದ ಕಣಿವೆಯೂ ಆಗಿರಬಹುದು. ‘ಪೊಲ್ಯೆ’ ಎಂಬ ಪದವೂ ಹೀಗೇ. ಊರವರಿಗೆ ಅದು ಹೊಲ, ಬಯಲು. ಶಾಸ್ತ್ರದಲ್ಲಿ ಸುತ್ತ ಗುಡ್ಡವಿದ್ದು ತಳ ಸಪಾಟಾಗಿರುವ, ನೀರೆಲ್ಲ ನೆಲದಡಿಗೇ ಹೋಗುವ ದೊಡ್ಡ ತಗ್ಗು. ತ್ಸೆರ್ಕ್ನಿತ್ಸಾ ಪೊಲ್ಯೆ ಇದಕ್ಕೆ ಒಳ್ಳೆಯ ಉದಾಹರಣೆ. ಮಳೆ ಜೋರಾದಾಗ ಅದು ಸ್ಲೊವೇನಿಯಾದ ಅತಿ ದೊಡ್ಡ ಸರೋವರ, ಬೇಸಿಗೆ ಬಂದರೆ ಹುಲ್ಲುಗಾವಲು. ಬೇಸಿಗೆಯಲ್ಲಿ ಸೈಕಲ್ ಓಡಿಸಿದ ತಳದ ಹಾದಿ ಶರತ್ಕಾಲದ ಮಳೆಯ ನಂತರ ನೀರಿನಡಿ ಇರುತ್ತದೆ.

ಇನ್ನು ನನಗೆ ನಿಜಕ್ಕೂ ಬೇಸರ ತರಿಸುವ ತಪ್ಪಿಗೆ ಬರುತ್ತೇನೆ. ಕಮರಿ ಎಂದರೆ ಕಾರ್ಸ್ಟ್ ಎಂದುಕೊಳ್ಳುವವರು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕಿತ್ತು: ನೀರನ್ನೆಲ್ಲ ನುಂಗುವ ನೆಲದಲ್ಲಿ ನದಿ ಎಲ್ಲಿಂದ ಬಂತು? ಪೂರ್ತಿ ಕಾರ್ಸ್ಟ್ ಆದ ನೆಲದ ಮೇಲೆ ಹೊಳೆ ಹುಟ್ಟುವುದೇ ಕಷ್ಟ. ಅಲ್ಲಿ ಆಳವಾದ ಕಮರಿ ಕೊರೆದು ಹರಿಯುವ ನದಿ ಬಹುಮಟ್ಟಿಗೆ ಹೊರಗಿನದು. ಕರಗದ ಕಲ್ಲಿನ ಸೀಮೆಯಲ್ಲಿ ಹುಟ್ಟಿ, ಮೈತುಂಬಿಕೊಂಡು, ಸುಣ್ಣದಕಲ್ಲಿಗೆ ಕಾಲಿಡುವ ಹೊತ್ತಿಗೆ ಪೂರ್ತಿ ಇಂಗಿಹೋಗದಷ್ಟು ನೀರು ಅದರಲ್ಲಿರುತ್ತದೆ. ಫ್ರಾನ್ಸಿನ ತಾರ್ನ್ ನದಿ ಹುಟ್ಟುವುದು ಲೊಜೇರ್ ಬೆಟ್ಟದ ಗ್ರಾನೈಟ್ ಮೇಲೆ. ಆಮೇಲೆ ಅದು ‘ಕೋಸ್’ ಎಂದು ಕರೆಯುವ ಸುಣ್ಣದಕಲ್ಲಿನ ಪ್ರಸ್ಥಭೂಮಿಗಳನ್ನು 400ರಿಂದ 600 ಮೀಟರ್ ಆಳಕ್ಕೆ ಸೀಳಿಕೊಂಡು ಸಾಗುತ್ತದೆ. ಕಮರಿಯ ಉದ್ದಕ್ಕೂ ಬದಿಯಿಂದ ಬಂದು ಸೇರುವ ಹಳ್ಳಗಳಿಲ್ಲ. ಸೇರುವುದೆಲ್ಲ ಗೋಡೆಯ ಬುಡದಲ್ಲಿ ಉಕ್ಕುವ ಬುಗ್ಗೆಗಳು. ಮೇಲಿನ ಬಯಲಿನಲ್ಲಿ ಇಂಗಿದ ಮಳೆ ಕೆಳಗೆ ಹೊರಬರುವ ಬಾಗಿಲುಗಳು ಅವು.

ಗೋಡೆಗಳು ಅಷ್ಟು ನೆಟ್ಟಗೆ ನಿಂತಿರುವುದಕ್ಕೂ ಇದೇ ಕಾರಣ. ಬೇರೆ ಕಡೆ ಮಳೆನೀರು ಕಣಿವೆಯ ಬದಿಗಳ ಮೇಲೆ ಹರಿದು, ಹಳ್ಳ ಕೊರೆದು, ಇಳಿಜಾರನ್ನು ತಗ್ಗಿಸುತ್ತಾ ಬರುತ್ತದೆ. ಇಲ್ಲಿ ಮಳೆ ಬಿದ್ದಲ್ಲೇ ಒಳಗಿಳಿಯುವುದರಿಂದ ಅಂಚು ಸವೆಯುವುದು ಕಡಿಮೆ. ನದಿ ಮಾತ್ರ ಕೆಳಕ್ಕೆ ಕೊರೆಯುತ್ತಲೇ ಇರುತ್ತದೆ. ಫ್ರಾನ್ಸಿನದೇ ವೆರ್ದೋಂ ಕಮರಿಯಲ್ಲಿ ಆಳ 700 ಮೀಟರ್ ಮುಟ್ಟುವುದು ಹೀಗೆ. ಕಮರಿ ನದಿಯ ಕೆಲಸ, ಕಾರ್ಸ್ಟ್ ಇಂಗಿದ ನೀರಿನ ಕೆಲಸ. ಎರಡೂ ಒಂದೇ ಜಾಗದಲ್ಲಿ ಇರಬಹುದು, ಹಾಗೆಂದು ಹೆಸರು ಬೆರೆಸುವುದು ಸರಿಯಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನ ಪದರ ಸುಣ್ಣದಕಲ್ಲೇ. ಅದರ ಕೆಳಗೆ ಮರಳುಗಲ್ಲು, ಜೇಡಿಗಲ್ಲು, ಮತ್ತೆ ಸುಣ್ಣದಕಲ್ಲು, ತಳದಲ್ಲಿ ಶಿಸ್ಟ್ ಎಂಬ ಹಳೆಯ ಕಲ್ಲು. ಅದನ್ನು ಕಾರ್ಸ್ಟ್ ಕಮರಿ ಎನ್ನಲು ಬರುವುದಿಲ್ಲ, ಅದರ ಕೆಲವು ಪದರಗಳಲ್ಲಿ ಕಾರ್ಸ್ಟ್ ಇದೆ ಎನ್ನಬಹುದು.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು, ಸುಣ್ಣದಕಲ್ಲಿನ ಕಮರಿಯೆಲ್ಲ ಚಾವಣಿ ಕುಸಿದ ಗುಹೆ ಎಂಬುದು. ಇಂಗ್ಲೆಂಡಿನ ಚೆಡರ್ ಕಮರಿಯ ಬಗ್ಗೆ ಹಿಂದೆ ಹೀಗೇ ಹೇಳುತ್ತಿದ್ದರು, ಈಗ ಭೂವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಹಿಮಯುಗದ ಚಳಿಯಲ್ಲಿ ನೆಲ ಹೆಪ್ಪುಗಟ್ಟಿ ಬಿರುಕುಗಳು ಮುಚ್ಚಿಹೋಗಿದ್ದಾಗ, ಕರಗಿದ ಹಿಮದ ನೀರು ಇಂಗಲಾರದೆ ಮೇಲೆಯೇ ಹರಿದು ಅದನ್ನು ಕೊರೆಯಿತು. ಚಳಿ ಹೋಯಿತು, ಬಿರುಕು ತೆರೆಯಿತು, ನೀರು ಒಳಗಿಳಿಯಿತು. ಇಂದು ಸೈಕಲ್ ಸವಾರರು ಏದುಸಿರು ಬಿಡುತ್ತಾ ಹತ್ತುವ ಆ ತಿರುವುರಸ್ತೆಯ ಪಕ್ಕ ಹೊಳೆಯೇ ಇಲ್ಲ. ಅದು ನೆಲದಡಿ ಹರಿದು ಕಮರಿಯ ಬಾಯಿಯ ಹತ್ತಿರ ಹೊರಬರುತ್ತದೆ. ಇಂಥದ್ದಕ್ಕೆ ಒಣಕಣಿವೆ ಎಂಬ ಸೊಗಸಾದ ಪದವಿದೆ, ಅದನ್ನೇ ಬಳಸಿ. ನಿಜವಾಗಿ ಗುಹೆ ಕುಸಿದು ಆದ ಕಣಿವೆ ನೋಡಬೇಕೆಂದರೆ ಸ್ಲೊವೇನಿಯಾದ ರಾಕೊವ್ ಶ್ಕೋತ್ಸ್ಯಾನ್‌ಗೆ ಹೋಗಬೇಕು. ಕುಸಿಯದೆ ಉಳಿದ ಚಾವಣಿಯ ಎರಡು ತುಂಡುಗಳು ಅಲ್ಲಿ ಕಲ್ಲಿನ ಸಹಜ ಸೇತುವೆಗಳಾಗಿ ನಿಂತಿವೆ.

ಪದದ ಬಗ್ಗೆ ಇಷ್ಟು ಹಟ ಹಿಡಿಯುವುದು ಬರೀ ವ್ಯಾಕರಣದ ಶಿಸ್ತಿಗಾಗಿ ಅಲ್ಲ. ನಡೆದು ಅಥವಾ ಸೈಕಲ್ ತುಳಿದು ಹೋಗುವವರಿಗೆ ಕಾರ್ಸ್ಟ್ ಎಂಬ ಪದ ಮೊದಲು ಹೇಳುವುದು ನೀರಿನ ಸುದ್ದಿ: ಮೇಲೆ ಸಿಗುವುದಿಲ್ಲ, ಸಿಕ್ಕರೆ ಕೆಳಗೆ. ತಾರ್ನ್ ಬದಿಯ ಕೋಸ್‌ಗಳಲ್ಲಿ ಒಂದಾದ ಕೋಸ್ ಮೆಜಾಂ ಬಯಲಿನಲ್ಲಿ ಕುರಿಗಳಿಗಾಗಿ ತಳಕ್ಕೆ ಜೇಡಿಮಣ್ಣು, ಕಲ್ಲು ಹಾಸಿ ಕಟ್ಟಿದ ‘ಲವೋನ್ಯ’ ಎಂಬ ಹೊಂಡಗಳಿವೆ. ಹಾಗೆ ಕಟ್ಟದಿದ್ದರೆ ಅಲ್ಲಿ ನೀರು ನಿಲ್ಲುವುದಿಲ್ಲ. ತಾರ್ನ್ ದಂಡೆಯಿಂದ ತಿರುವುಗಳನ್ನು ಹತ್ತಿ ಆ ಬಯಲಿಗೆ ಹೊರಡುವ ಸೈಕಲ್ ಸವಾರರು ಕೆಳಗಿನ ಹಳ್ಳಿಯಲ್ಲೇ ಬಾಟಲಿ ತುಂಬಿಸಿಕೊಳ್ಳಬೇಕು.

ಬುಗ್ಗೆಯ ನೀರು ಕಲ್ಲಿನಲ್ಲಿ ಸೋಸಿ ಬರುತ್ತದೆ, ಹಾಗಾಗಿ ಶುದ್ಧ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ. ಮರಳಿನ ಪದರ ಸೋಸುತ್ತದೆ, ಅಗಲವಾದ ಬಿರುಕು ಏನನ್ನೂ ಸೋಸುವುದಿಲ್ಲ. 1891ರಲ್ಲಿ ಫ್ರಾನ್ಸಿನ ಗುಹಾಶೋಧಕ ಎದುವಾರ್ ಆಲ್ಫ್ರೆದ್ ಮಾರ್ತೆಲ್ ಒಂದು ಬುಗ್ಗೆಯ ನೀರು ಕುಡಿದು ಕಾಯಿಲೆ ಬಿದ್ದರು. ಮೇಲಿನ ಬಯಲಿನ ಕುಳಿಯೊಂದಕ್ಕೆ ಇಳಿದು ನೋಡಿದಾಗ ಅಲ್ಲಿ ಎಸೆದಿದ್ದ ಕರುವಿನ ಹೆಣ ಕೊಳೆಯುತ್ತಿತ್ತು, ಆ ನೀರೇ ಬುಗ್ಗೆಗೆ ಹೋಗುತ್ತಿತ್ತು. ಅವರು ಪಟ್ಟು ಹಿಡಿದದ್ದರಿಂದ 1902ರ ಸಾರ್ವಜನಿಕ ಆರೋಗ್ಯ ಕಾನೂನಿನಲ್ಲಿ ಕುಳಿಗಳಿಗೆ ಹೆಣ ಎಸೆಯುವುದನ್ನು ನಿಷೇಧಿಸಲಾಯಿತು. ವೆರ್ದೋಂ ಕಮರಿಯನ್ನು 1905ರಲ್ಲಿ ಉದ್ದಕ್ಕೂ ದಾಟಿದವರೂ ಇವರೇ, ಅಲ್ಲಿನ ಪ್ರಸಿದ್ಧ ಕಾಲುದಾರಿಗೆ ಇವರದೇ ಹೆಸರು. ಆ ದಾರಿಯ ಕತ್ತಲೆ ಸುರಂಗಗಳಿಗೆ ಟಾರ್ಚ್ ಬೇಕೇ ಬೇಕು.

ಕಾಲಡಿಯ ವಿಷಯ ಬೇಗ ಮುಗಿಸುತ್ತೇನೆ. ಬಹಳ ಜನ ತುಳಿದು ನುಣುಪಾದ ಸುಣ್ಣದಕಲ್ಲು ಒದ್ದೆಯಾದರೆ ಕಾಲು ನಿಲ್ಲದಷ್ಟು ಜಾರುತ್ತದೆ. ಯಾರೂ ತುಳಿಯದ ಕಲ್ಲನ್ನು ಮಳೆ ಕತ್ತಿಯಲಗಿನಂತೆ ಹರಿತ ಮಾಡಿರುತ್ತದೆ, ಟೈರಿನ ಬದಿ ಹರಿಯುವುದು ಅಲ್ಲಿ. ಕರಗದೆ ಉಳಿದ ಕೆಂಪು ಜೇಡಿ ಮಳೆಯಲ್ಲಿ ಚಕ್ರಕ್ಕೆ ಮೆತ್ತಿಕೊಂಡು ತಿರುಗಗೊಡುವುದಿಲ್ಲ.

ನಕ್ಷೆ ಓದುವಾಗಲೂ ಪದದ ಅರ್ಥ ನೆನಪಿರಲಿ. ನೀಲಿ ಗೆರೆ ಬಯಲಿನ ನಡುವೆ ತಟ್ಟನೆ ನಿಂತುಹೋದರೆ ಅದು ಮುದ್ರಣದೋಷವಲ್ಲ, ಹೊಳೆ ನೆಲದೊಳಗೆ ಇಳಿಯುವ ಜಾಗ. ಸ್ಲೊವೇನಿಯಾದ ರೆಕಾ ನದಿ ಶ್ಕೋತ್ಸ್ಯಾನ್ ಗುಹೆಗಳಲ್ಲಿ ಹೀಗೆ ಮರೆಯಾಗಿ, 30 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಇಟಲಿಯ ಕಡಲತೀರದ ಹತ್ತಿರ, ತಿಮಾವೊ ಎಂಬ ಬೇರೆ ಹೆಸರಿನಲ್ಲಿ ಹೊರಬರುತ್ತದೆ. ಗ್ರೀಸಿನ ವಿಕೋಸ್ ಕಮರಿಯಲ್ಲಿ ಇದು ತಿರುಗುಮುರುಗು. ಬೇಸಿಗೆಯಲ್ಲಿ ಮೊನೊದೆಂದ್ರಿ ಹಳ್ಳಿಯಿಂದ ಇಳಿದವರು ಬಿಳಿಗಲ್ಲು ತುಂಬಿದ ಒಣ ಪಾತ್ರದ ಪಕ್ಕದಲ್ಲೇ ತಾಸುಗಟ್ಟಲೆ ನಡೆಯುತ್ತಾರೆ. ವೊಯಿದೊಮಾತಿಸ್ ನದಿ ಉಕ್ಕುವುದು ದಾರಿಯ ಕೊನೆಯಲ್ಲಿ, ವಿಕೋಸ್ ಹಳ್ಳಿಯ ಕೆಳಗೆ. ನಡುವಿನ ಆ ಒಣ ಪಾತ್ರವನ್ನು ‘ಬತ್ತಿದ ನದಿ’ ಎಂದು ಬರೆಯುವವರು ದಯವಿಟ್ಟು ತಿದ್ದಿಕೊಳ್ಳಲಿ, ನೀರು ಬತ್ತಿಲ್ಲ, ಪಾತ್ರದ ಕೆಳಗಿದೆ.