ತೀರ್ಮಾನ ಯಾರ ಕೈಯಲ್ಲಿ? ಕೋರ್ಟ್ ಹೊರಗಿನ ದಾರಿಗಳ ಬಗ್ಗೆ ನನ್ನ ಟಿಪ್ಪಣಿ

ಎಲ್‌ಎಲ್‌ಬಿಯಲ್ಲಿ ಕೋರ್ಟಿನ ಹೊರಗೆ ಜಗಳ ಬಗೆಹರಿಸುವ ದಾರಿಗಳು ಪ್ರಾಯೋಗಿಕ ಪೇಪರ್ ಆಗಿ ಬರುತ್ತವೆ. ಓದಲು ಕೂತಾಗ ನನಗೆ ಕಾನೂನಿಗಿಂತ ಮೊದಲು ತೊಡಕು ಕೊಟ್ಟಿದ್ದು ಪದಗಳು. ಒಂದು ಪುಸ್ತಕದಲ್ಲಿ ಆರ್ಬಿಟ್ರೇಷನ್ ಎಂದರೆ ಮಧ್ಯಸ್ಥಿಕೆ. ಇನ್ನೊಂದರಲ್ಲಿ ಮೀಡಿಯೇಷನ್ ಎಂದರೂ ಮಧ್ಯಸ್ಥಿಕೆ. ಕನ್ಸಿಲಿಯೇಷನ್ನಿಗೆ ಒಬ್ಬರು ಸಂಧಾನ ಅಂತಾರೆ, ಇನ್ನೊಬ್ಬರು ರಾಜಿ ಅಂತಾರೆ. ಬೆಂಗಳೂರಿನ ನ್ಯಾಯದೇಗುಲ ಕಟ್ಟಡದಲ್ಲಿ 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ನಡೆಯುವುದು ಮೀಡಿಯೇಷನ್. ಈ ಗೊಂದಲ ಬೇಡ ಅಂತ ಇಲ್ಲಿ ಇಂಗ್ಲಿಷ್ ಪದಗಳನ್ನೇ ಕನ್ನಡದಲ್ಲಿ ಬರೆಯುತ್ತೇನೆ.

ಪದ ಯಾವುದೇ ಇರಲಿ, ನಾನು ಈಗ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಕೊನೆಯ ತೀರ್ಮಾನ ಬರೆಯುವವರು ಯಾರು? ಮೂರನೆಯವರೋ, ಜಗಳ ಆಡಿದ ಇಬ್ಬರೋ? ಇದು ಗೊತ್ತಾದರೆ ಉಳಿದ ಸೆಕ್ಷನ್‌ಗಳು ತಾವಾಗಿಯೇ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಆರ್ಬಿಟ್ರೇಷನ್‌ನಲ್ಲಿ ಬರೆಯುವವರು ಮೂರನೆಯವರು. ಸಾಕ್ಷಿ ಕೇಳುತ್ತಾರೆ, ದಾಖಲೆ ನೋಡುತ್ತಾರೆ, ತೀರ್ಪು ಕೊಡುತ್ತಾರೆ. ಆ ತೀರ್ಪಿಗೆ ಅವಾರ್ಡ್ ಎಂದು ಹೆಸರು. ಇದಕ್ಕೆ 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆ ಇದೆ. ಒಪ್ಪಂದ ಲಿಖಿತವಾಗಿರಬೇಕು. ಆರ್ಬಿಟ್ರೇಟರ್‌ಗಳ ಸಂಖ್ಯೆ ಬೆಸವಾಗಿರಬೇಕು. ಅವಾರ್ಡ್ ಸರಿ ಇಲ್ಲ ಅನಿಸಿದರೆ ಅದನ್ನು ರದ್ದು ಮಾಡಿ ಅಂತ ಕೋರ್ಟಿಗೆ ಸೆಕ್ಷನ್ 34ರ ಅರ್ಜಿ ಹಾಕಬಹುದು. ಅದಕ್ಕೆ 3 ತಿಂಗಳು, ತಕ್ಕ ಕಾರಣ ತೋರಿಸಿದರೆ ಮತ್ತೆ 30 ದಿನ. ಆದರೆ ಅದು ಮೇಲ್ಮನವಿ ಅಲ್ಲ. ಕೋರ್ಟು ಸಾಕ್ಷಿಯನ್ನು ಮತ್ತೆ ತೂಗಿ ನೋಡುವುದಿಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಜನ ತಪ್ಪುವುದು ಇಲ್ಲೇ.

ಮೀಡಿಯೇಷನ್‌ನಲ್ಲಿ ತೀರ್ಮಾನ ಬರೆಯುವವರು ಆ ಇಬ್ಬರೇ. ಮೀಡಿಯೇಟರ್ ಮಾತು ಮುಂದುವರಿಯಲು ನೆರವಾಗುತ್ತಾರೆ, ಅಷ್ಟೇ. ಕನ್ಸಿಲಿಯೇಟರ್ ಒಂದು ಹೆಜ್ಜೆ ಮುಂದೆ ಹೋಗಿ ‘ಹೀಗೆ ಮಾಡಿಕೊಳ್ಳಬಹುದಲ್ವಾ’ ಎಂದು ರಾಜಿಯ ಅಂಶಗಳನ್ನು ತಾವೇ ಮುಂದಿಡಬಹುದು. ಒಪ್ಪುವುದು, ಬಿಡುವುದು ಆಗಲೂ ಆ ಇಬ್ಬರಿಗೇ ಸೇರಿದ್ದು.

ಲೋಕ ಅದಾಲತ್‌ನಲ್ಲಿ ಜಡ್ಜ್ ಕೂತಿರುತ್ತಾರೆ. ಅದನ್ನು ನೋಡಿ ಅಲ್ಲಿ ತೀರ್ಪು ಕೊಡುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ, ಅಲ್ಲಿ ಆಗುವುದು ರಾಜಿ ಮಾತ್ರ. ರಾಜಿ ಆಗದಿದ್ದರೆ ಫೈಲು ಬಂದ ಕೋರ್ಟಿಗೇ ವಾಪಸ್ ಹೋಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿನ ಅವಾರ್ಡ್‌ಗೆ ಸಿವಿಲ್ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ಅಂತಿಮ ಆದೇಶದ, ಬೆಲೆ ಇದೆ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ. ತೀರಾ ಸೀಮಿತ ಕಾರಣಗಳಿಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು, ಅಷ್ಟೇ. ಅದಕ್ಕೇ ಹೆಬ್ಬೆಟ್ಟು ಒತ್ತಿಸುವ ಮೊದಲು ರಾಜಿ ಅರ್ಜಿಯನ್ನು ಕಕ್ಷಿದಾರರಿಗೆ ಅರ್ಥವಾಗುವ ಕನ್ನಡದಲ್ಲಿ ಪೂರ್ತಿ ಓದಿ ಹೇಳಲೇಬೇಕು. ‘ಇಲ್ಲಿ ಸೈನ್ ಹಾಕಿ, ಮುಗೀತು’ ಅಂತ ಅವಸರ ಮಾಡುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು.

ಖಾಯಂ ಲೋಕ ಅದಾಲತ್ ಬೇರೆ ಜಾತಿಯದು. ಸಾರಿಗೆ, ವಿದ್ಯುತ್, ನೀರು, ವಿಮೆ, ಆಸ್ಪತ್ರೆಯಂಥ ಸಾರ್ವಜನಿಕ ಸೇವೆಗಳ ತಕರಾರಿಗೆಂದು 2002ರ ತಿದ್ದುಪಡಿಯಲ್ಲಿ ಬಂತು. ಮೊದಲು ರಾಜಿಗೆ ಪ್ರಯತ್ನ ನಡೆಯಬೇಕು. ಅದು ಆಗದಿದ್ದರೆ ಅದೇ ಪೀಠ ತೀರ್ಪನ್ನೂ ಕೊಡಬಹುದು. ಇಲ್ಲಿ ನಮ್ಮ ಮಂಗಳೂರಿನಿಂದ ಹೋದ ಒಂದು ಕೇಸು ನೆನಪಿಡಿ. ಕೆನರಾ ಬ್ಯಾಂಕ್ ಸಾಲ ವಸೂಲಿಗೆ ಅರ್ಜಿ ಹಾಕಿತ್ತು. ಎದುರು ಪಕ್ಷದವರು ಬರಲೇ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಎದುರಿನವರು ಬರದಿದ್ದರೂ ರಾಜಿಯ ಹಂತವನ್ನು ಹಾರಿ ನೇರ ತೀರ್ಪಿಗೆ ಹೋಗುವಂತಿಲ್ಲ, ಆ ಕ್ರಮ ಕಡ್ಡಾಯ.

ಎರಡನೇ ಪ್ರಶ್ನೆ: ಕೋರ್ಟು ಕೇಸನ್ನು ಆಚೆ ಕಳಿಸಲು ಇಬ್ಬರ ಒಪ್ಪಿಗೆ ಬೇಕಾ? ಇಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 89 ಬರುತ್ತದೆ. 1999ರ ತಿದ್ದುಪಡಿಯಲ್ಲಿ ಸೇರಿ, 2002ರ ಜುಲೈ 1ರಿಂದ ಜಾರಿಗೆ ಬಂತು. ಇದಕ್ಕೆ ಓದಲೇಬೇಕಾದದ್ದು ಸುಪ್ರೀಂ ಕೋರ್ಟಿನ ಆಫ್ಕಾನ್ಸ್ ತೀರ್ಪು, 2010. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ಇದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಕೊಚ್ಚಿನ್ ಬಂದರಿಗೆ ಸೇರಿದ ಸೇತುವೆ, ರಸ್ತೆ ಕೆಲಸದಲ್ಲಿ ಗುತ್ತಿಗೆ ಕಂಪನಿಗೂ ಉಪಗುತ್ತಿಗೆ ಪಡೆದವರಿಗೂ ಹಣದ ಜಗಳ. ಅವರ ನಡುವೆ ಆರ್ಬಿಟ್ರೇಷನ್ ಒಪ್ಪಂದ ಇರಲಿಲ್ಲ. ಒಬ್ಬರು ಬೇಡ ಅಂದರೂ ಕೆಳಗಿನ ಕೋರ್ಟು ಆರ್ಬಿಟ್ರೇಷನ್‌ಗೆ ಕಳಿಸಿತು, ಹೈಕೋರ್ಟೂ ಸರಿ ಅಂದಿತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್‌ಗೆ ಎಲ್ಲರ ಒಪ್ಪಿಗೆ ಬೇಕು. ಮೀಡಿಯೇಷನ್, ಲೋಕ ಅದಾಲತ್‌ಗೆ ಕಳಿಸಲು ಬೇಕಿಲ್ಲ ಎಂದಿತು.

ಇದನ್ನು ಬಾಯಿಪಾಠ ಮಾಡುವ ಬದಲು ಮೊದಲ ಪ್ರಶ್ನೆಯ ಪಕ್ಕ ಇಟ್ಟು ನೋಡಿ. ಆರ್ಬಿಟ್ರೇಷನ್‌ಗೆ ಹೋದರೆ ನನ್ನ ಕೇಸು ಕೋರ್ಟಿನಿಂದಲೇ ಹೊರಗೆ ಹೋಗುತ್ತದೆ, ಬೇರೆಯವರು ತೀರ್ಪು ಕೊಡುತ್ತಾರೆ. ನಾನು ಒಪ್ಪದೆ ಅದು ಹೇಗಾಗುತ್ತದೆ? ಮೀಡಿಯೇಷನ್‌ನಲ್ಲಿ ಮೇಜಿನ ಮುಂದೆ ಕೂರಲು ಕಳಿಸಿದರೂ ನಾನು ‘ಬೇಡ’ ಅಂದು ಎದ್ದು ಬರಬಹುದು. ಕನ್ಸಿಲಿಯೇಷನ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಎದ್ದು ಬರುವ ಹಕ್ಕು ಅಲ್ಲೂ ಇದೆ, ಆದರೂ ಒಪ್ಪಿಗೆ ಬೇಕು. ಕಾರಣ, 1996ರ ಕಾಯ್ದೆಯೇ ಅದನ್ನು ಆಹ್ವಾನ ಮತ್ತು ಒಪ್ಪಿಗೆಯ ಮೇಲೆ ನಿಲ್ಲಿಸಿದೆ. ಸೆಕ್ಷನ್ 89ರಲ್ಲಿ ನ್ಯಾಯಿಕ ರಾಜಿ (ಜಡ್ಜ್ ನೆರವಿನಿಂದ ಆಗುವ ರಾಜಿ) ಮತ್ತು ಮೀಡಿಯೇಷನ್‌ಗಳ ವಿವರಣೆ ಅದಲು ಬದಲಾಗಿದೆ ಎಂದೂ ಇದೇ ತೀರ್ಪು ಗುರುತಿಸಿತು. ಸೆಕ್ಷನ್ ಓದಿ ತಲೆ ಕೆಟ್ಟಿದ್ದರೆ ಅದು ನಿಮ್ಮ ತಪ್ಪಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ, ಮೀಡಿಯೇಷನ್ ಕೋಣೆ. ನಮ್ಮ ತರಗತಿಯಲ್ಲಿ ಅಭ್ಯಾಸಕ್ಕೆ ಒಂದು ಕೇಸು ಕೊಟ್ಟಿದ್ದರು. ಅಣ್ಣತಮ್ಮ, ಜಮೀನು ಭಾಗ ಆಗಿದೆ, ಬೋರ್‌ವೆಲ್ ಅಣ್ಣನ ಪಾಲಿನಲ್ಲಿದೆ. ತಮ್ಮ ಅರ್ಧ ನೀರು ಕೇಳುತ್ತಿದ್ದಾನೆ. ಅಣ್ಣ ‘ನನ್ನ ನೆಲದಲ್ಲಿರುವುದು ನನ್ನದು’ ಅನ್ನುತ್ತಾನೆ. ನಾನು ಮೀಡಿಯೇಟರ್. ಶುರುವಾಗಿ ಐದು ನಿಮಿಷಕ್ಕೇ ‘ದಿನ ಬಿಟ್ಟು ದಿನ ನೀರು ಬಿಟ್ಟುಕೊಳ್ಳಿ’ ಅಂದುಬಿಟ್ಟೆ. ಇಬ್ಬರೂ ನನ್ನ ಮೇಲೇ ತಿರುಗಿಬಿದ್ದರು. ಜಗಳ ಏನು ಅಂತ ಕೇಳುವ ಮೊದಲೇ ನಾನು ತೀರ್ಮಾನ ಹೇಳಿದ್ದೆ.

ಎರಡನೇ ಸಲ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸಿದೆ. ಇದಕ್ಕೆ ಕಾಕಸ್ ಎನ್ನುತ್ತಾರೆ. ಆಗ ತಮ್ಮನ ಪಾತ್ರದ ಗೆಳತಿ ತನ್ನ ಚೀಟಿಯಲ್ಲಿದ್ದ ಗುಟ್ಟು ಹೇಳಿದಳು. ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ಸ್ಟಾರ್ಟರ್ ಪೆಟ್ಟಿಗೆ ಅಣ್ಣನ ಮನೆಯ ಜಗುಲಿಯಲ್ಲಿದೆ. ಮೋಟರ್ ಹಾಕಲು ರಾತ್ರಿ ಎರಡು ಗಂಟೆಗೆ ಅಲ್ಲಿಗೆ ಹೋದಾಗ ಒಂದು ಮಾತು ಬಂದಿದೆ, ಅದು ಮನಸ್ಸಿಗೆ ಚುಚ್ಚಿದೆ. ಬಾಯಲ್ಲಿ ಕೇಳಿದ್ದು ಅರ್ಧ ನೀರು. ಬೇಕಿದ್ದದ್ದು ಯಾರ ಜಗುಲಿಯನ್ನೂ ಹತ್ತದೆ ಮೋಟರ್ ಹಾಕುವ ದಾರಿ. ಬೇಡಿಕೆ ಬೇರೆ, ಅಗತ್ಯ ಬೇರೆ ಅಂತ ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಅರ್ಥವಾಗಿದ್ದು ಅವತ್ತು.

ಆದರೆ ಆ ಗುಟ್ಟನ್ನು ನಾನು ಅಣ್ಣನಿಗೆ ಹೇಳುವಂತಿಲ್ಲ. ಕಾಕಸ್‌ನಲ್ಲಿ ಕೇಳಿದ್ದನ್ನು ಹೇಳಿದವರ ಒಪ್ಪಿಗೆ ಇಲ್ಲದೆ ಆಚೆ ದಾಟಿಸಬಾರದು. ಕೋರ್ಟಿಗೂ ಹೇಳಬಾರದು. 2010ರ ಡಿಸೆಂಬರ್‌ನ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ರಾಜಿ ಆದರೆ ಒಪ್ಪಂದ ಕಳಿಸಿ; ಆಗದಿದ್ದರೆ ‘ಆಗಲಿಲ್ಲ’ ಎಂದಷ್ಟೇ ಬರೆಯಿರಿ. ಯಾರು ಎಷ್ಟಕ್ಕೆ ಒಪ್ಪಿದ್ದರು, ಯಾರು ಹಟ ಹಿಡಿದರು ಎಂದು ಬರೆಯುವಂತಿಲ್ಲ. ಈ ಭರವಸೆ ಇಲ್ಲದಿದ್ದರೆ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ?

ಇಲ್ಲಿ ನಮ್ಮೂರ ಅರಳಿಕಟ್ಟೆಯ ಪಂಚಾಯ್ತಿ ನೆನಪಾಗುತ್ತದೆ. ಈ ರಾಜಿಯ ದಾರಿಗಳ ಬೇರು ಅಲ್ಲೇ ಇದೆ ಅಂತ ನಾವು ಉತ್ತರದಲ್ಲಿ ಹೆಮ್ಮೆಯಿಂದ ಬರೆಯುತ್ತೇವೆ. ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಕಟ್ಟೆಯ ಮೇಲೆ ಹಿರಿಯರು ಹೇಳಿದ್ದಕ್ಕೆ ಎದುರಾಡಿದರೆ ಬಹಿಷ್ಕಾರದ ಭಯ ಇರುತ್ತಿತ್ತು. ಹೆಂಗಸರಿಗೆ, ಕೆಳಜಾತಿಯವರಿಗೆ ಅಲ್ಲಿ ಬಾಯಿ ಇರಲಿಲ್ಲ. ‘ಬೇಡ’ ಅನ್ನಲು ಆಗದ ಕಡೆ ‘ಒಪ್ಪಿದೆ’ ಅನ್ನುವ ಮಾತಿಗೆ ಬೆಲೆ ಎಲ್ಲಿದೆ?

ಎಲ್ಲ ಕೇಸೂ ಈ ದಾರಿಗೆ ಬರುವುದಿಲ್ಲ. ಗಂಭೀರ ವಂಚನೆ, ಫೋರ್ಜರಿಯ ಆರೋಪ, ಚುನಾವಣಾ ತಕರಾರು, ಅಪ್ರಾಪ್ತರ ವಿರುದ್ಧದ ದಾವೆ ಇವನ್ನೆಲ್ಲ ಆಫ್ಕಾನ್ಸ್ ಹೊರಗಿಟ್ಟಿದೆ. ರಾಜಿಗೆ ಅವಕಾಶವಿಲ್ಲದ ಕ್ರಿಮಿನಲ್ ಕೇಸು ಲೋಕ ಅದಾಲತ್‌ಗೆ ಬರುವಂತಿಲ್ಲ. ಚೆಕ್ ಬೌನ್ಸ್ ಬರುತ್ತದೆ. ವಾಣಿಜ್ಯ ದಾವೆಗೆ ಮಾತ್ರ ಕಡ್ಡಾಯ ಒಂದಿದೆ. ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆ ಹೂಡುವ ಮೊದಲೇ ಮೀಡಿಯೇಷನ್ ಆಗಬೇಕು. ಇದು ವಾಣಿಜ್ಯ ನ್ಯಾಯಾಲಯ ಕಾಯ್ದೆಯ ಸೆಕ್ಷನ್ 12ಎ. ಪಾಟೀಲ್ ಆಟೊಮೇಷನ್ ಕೇಸಿನಲ್ಲಿ, 2022ರಲ್ಲಿ, ಸುಪ್ರೀಂ ಕೋರ್ಟ್ ಇದು ಕಡ್ಡಾಯವೇ ಎಂದಿತು. ಮೀಡಿಯೇಷನ್‌ಗೆಂದೇ 2023ರಲ್ಲಿ ಪ್ರತ್ಯೇಕ ಕಾಯ್ದೆಯೂ ಆಗಿದೆ. ಅದರಲ್ಲಿ ಅವಧಿ 120 ದಿನ, ಇಬ್ಬರೂ ಒಪ್ಪಿದರೆ ಇನ್ನೂ 60. ಆ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿರುವುದರಿಂದ, ಉತ್ತರ ಬರೆಯುವ ಮೊದಲು ಯಾವ ಸೆಕ್ಷನ್ ಜಾರಿಯಲ್ಲಿದೆ ಅಂತ ನೋಡಿಕೊಳ್ಳಿ.

ಮತ್ತೆ ಆ ಬೋರ್‌ವೆಲ್ಲಿಗೆ ಬರುತ್ತೇನೆ. ತಮ್ಮನ ಒಪ್ಪಿಗೆ ಪಡೆದು ಜಗುಲಿಯ ಮಾತು ಎತ್ತಿದ ಮೇಲೆ ರಾಜಿ ಆಯಿತು. ‘ಇಬ್ಬರೂ ಅನ್ಯೋನ್ಯವಾಗಿ ನೀರು ಬಳಸಿಕೊಳ್ಳತಕ್ಕದ್ದು’ ಎಂದು ಬರೆದೆ. ನಮ್ಮ ಮೇಡಂ ಆ ಸಾಲಿಗೆ ಗೆರೆ ಎಳೆದರು. ಕೋರ್ಟು ಕಳಿಸಿದ ಕೇಸಿನಲ್ಲಿ ಈ ಒಪ್ಪಂದ ಮತ್ತೆ ಕೋರ್ಟಿಗೆ ಹೋಗಿ ಡಿಕ್ರಿ ಆಗುತ್ತದೆ. ನಾಳೆ ಒಬ್ಬರು ತಪ್ಪಿದರೆ ‘ಅನ್ಯೋನ್ಯ’ವನ್ನು ಅಮಲ್ಜಾರಿ ಮಾಡುವುದು ಹೇಗೆ ಅಂತ ಕೇಳಿದರು. ಮತ್ತೆ ಬರೆದೆವು. ಸ್ಟಾರ್ಟರ್ ಪೆಟ್ಟಿಗೆಯನ್ನು 30 ದಿನದೊಳಗೆ ಬದುವಿನ ಮೇಲಿನ ಕಂಬಕ್ಕೆ ಬದಲಾಯಿಸಬೇಕು, ಖರ್ಚು ತಮ್ಮನದು. ಸೋಮ, ಬುಧ, ಶುಕ್ರ ತಮ್ಮನ ಪಾಳಿ, ಉಳಿದ ದಿನ ಅಣ್ಣನದು. ಮೋಟರ್ ಸುಟ್ಟರೆ ರಿಪೇರಿ ಖರ್ಚು ಅರ್ಧರ್ಧ, 7 ದಿನದೊಳಗೆ. ಬದುವಿನ ಮೇಲೆ ಕಂಬದವರೆಗೆ ಓಡಾಡಲು ಇಬ್ಬರಿಗೂ ಹಗಲು ರಾತ್ರಿ ಅಡ್ಡಿ ಇಲ್ಲ.