ಪದಕದ ಕೊಳದಲ್ಲೇ ಮಕ್ಕಳ ಈಜುಪಾಠ

ಈಜುವಾಗ ಎದ್ದ ಅಲೆ ಗೋಡೆಗೋ ತಳಕ್ಕೋ ಬಡಿದು ವಾಪಸ್ ಬಂದರೆ ಈಜುಗಾರರ ವೇಗವನ್ನೇ ತಿನ್ನುತ್ತದೆ. ಆದ್ದರಿಂದ ಸ್ಪರ್ಧೆಯ ಕೊಳ ಕಟ್ಟುವವರ ಮೊದಲ ಚಿಂತೆ ನೀರನ್ನು ಸುಮ್ಮನಿರಿಸುವುದು ಹೇಗೆಂಬುದೇ. 2012ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಲಂಡನ್ ಅಕ್ವಾಟಿಕ್ಸ್ ಸೆಂಟರ್‌ನ ಸ್ಪರ್ಧಾ ಕೊಳ 50 ಮೀಟರ್ ಉದ್ದ, 3 ಮೀಟರ್ ಆಳ. ಅಷ್ಟು ಆಳವಿದ್ದರೆ ತಳದಿಂದ ಪುಟಿದ ಅಲೆ ಮೇಲೆ ಬರುವಷ್ಟರಲ್ಲಿ ಸೋತಿರುತ್ತದೆ. ಒಲಿಂಪಿಕ್ ಕೊಳದಲ್ಲಿ ಹತ್ತು ಲೇನ್‌ಗಳಿದ್ದರೂ ಈಜುವವರು ಎಂಟೇ ಮಂದಿ. ಗೋಡೆ ಬದಿಯ ಎರಡು ಲೇನ್ ಖಾಲಿ. ಲೇನ್ ಹಗ್ಗದ ಬಣ್ಣದ ಬಿಲ್ಲೆಗಳು ಗುರುತಿಗಷ್ಟೇ ಇರುವುದಲ್ಲ, ಗಿರಗಿರನೆ ತಿರುಗುತ್ತ ಪಕ್ಕದವರ ಅಲೆಯನ್ನು ಒಡೆಯುತ್ತವೆ.

ಗೋಡೆ ಕಟ್ಟುವುದೂ ಸಲೀಸಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ (ನಾಲ್ಕು ಶೈಲಿಗಳಲ್ಲಿ ಈಜುವ ಸ್ಪರ್ಧೆ) ಸ್ವೀಡನ್ನಿನ ಗುನ್ನರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀ ಅವರನ್ನು ಸೋಲಿಸಿದ್ದು 0.002 ಸೆಕೆಂಡಿನಿಂದ. ಅಷ್ಟರಲ್ಲಿ ಆ ವೇಗದ ಈಜುಗಾರ ಸಾಗುವುದು ಸುಮಾರು 3 ಮಿಲಿಮೀಟರ್. ಎಷ್ಟು ಜತನದಿಂದ ಕಟ್ಟಿದರೂ ಒಂದು ಲೇನಿಗೂ ಇನ್ನೊಂದಕ್ಕೂ ಉದ್ದದಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸ ಉಳಿಯಬಹುದು! ಹಾಗಾಗಿ ಈಗ ಸೆಕೆಂಡಿನ ನೂರನೇ ಒಂದು ಭಾಗಕ್ಕೇ ಅಳತೆ ನಿಲ್ಲುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈನಲ್ಲಿ ಮೈಕಲ್ ಫೆಲ್ಪ್ಸ್ ಸೇರಿ ಮೂವರು 51.14 ಸೆಕೆಂಡಿನಲ್ಲಿ ಮುಟ್ಟಿದಾಗ ಮೂವರಿಗೂ ಬೆಳ್ಳಿ ಕೊಟ್ಟರು. ನನಗಂತೂ ಅದೇ ನ್ಯಾಯವೆನಿಸುತ್ತದೆ.

ಲಂಡನ್ನಿನ ಕಟ್ಟಡವೆಂದರೆ ಎಲ್ಲರೂ ಕೊಂಡಾಡುವುದು ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸದ ಅಲೆಯಾಕಾರದ ಚಾವಣಿಯನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕೂಟ ಮುಗಿದ ಮೇಲಿನ ಕೆಲಸ. 17,500 ಆಸನಗಳ ಪೈಕಿ 2,500 ಮಾತ್ರ ಉಳಿಸಿಕೊಂಡು, ಎರಡೂ ಬದಿಯ ತಾತ್ಕಾಲಿಕ ಗ್ಯಾಲರಿಗಳನ್ನು ಬಿಚ್ಚಿ ಅಲ್ಲಿ ಗಾಜಿನ ಗೋಡೆ ನಿಲ್ಲಿಸಿದರು. 2014ರಲ್ಲಿ ಕೊಳ ಜನರಿಗೆ ತೆರೆಯಿತು. ಅದರ ತಳ ಏರಿಳಿಯುತ್ತದೆ. ಇಂಥ ತಳದಲ್ಲಿ ಸಂದುಗಳಿರುತ್ತವೆ. ಅದು ಮೇಲೇರುವಾಗ ನೀರು ಆ ಸಂದುಗಳಲ್ಲಿ ಕೆಳಕ್ಕೆ ಹರಿಯುತ್ತದೆ, ಹೀಗಾಗಿ ಯಂತ್ರ ಇಡೀ ನೀರಿನ ಭಾರ ಎತ್ತಬೇಕಿಲ್ಲ. ಸರಿಯುವ ಅಡ್ಡಗೋಡೆಯೊಂದು ಕೊಳವನ್ನು ಬೇಕಾದಂತೆ ಭಾಗ ಮಾಡುತ್ತದೆ. ಒಂದು ಬದಿಯಲ್ಲಿ ಕ್ರೀಡಾಪಟುಗಳ ತಾಲೀಮು ನಡೆದಿರುವಾಗಲೇ ಇನ್ನೊಂದು ಬದಿಯಲ್ಲಿ ಮಕ್ಕಳು ಕಾಲು ನೆಲಕ್ಕೂರಿ ಈಜು ಕಲಿಯಬಹುದು.

ಯಂತ್ರದಿಂದ ಬಗೆಹರಿಯದ ತೊಡಕು ಒಂದಿದೆ, ನೀರಿನ ಬಿಸಿ. ಸ್ಪರ್ಧೆಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕಿಂತ ಹೆಚ್ಚಾದರೆ ದುಡಿಯುವ ಮೈ ಬೇಗ ಬಳಲುತ್ತದೆ. ಪುಟ್ಟ ಮಕ್ಕಳಿಗೂ ವಯಸ್ಸಾದವರಿಗೂ ಸ್ಪರ್ಧೆಯ ಆ ಬಿಸಿ ಸಾಲದೆ ಚಳಿ ಹತ್ತುತ್ತದೆ. ಎರಡು ಬಗೆಯ ಬಿಸಿಗೆ ಎರಡು ಕೊಳಗಳೇ ಬೇಕು, ಎರಡಕ್ಕೂ ಬೇರೆ ಬೇರೆ ಪಂಪು, ಬೇರೆ ಬೇರೆ ಹೀಟರ್.