ಕೀಮೋ ನಡೆಯುವಾಗ ಬ್ರಾಹ್ಮಿ, ಅಶ್ವಗಂಧ ನರಗಳನ್ನು ಕಾಯುತ್ತವೆಯೇ?

ಪ್ರಶ್ನೆ: ನಾವು ಮುಂಬೈ ಬಳಿಯ ಡೊಂಬಿವಿಲಿಯವರು. ಸ್ತನ ಕ್ಯಾನ್ಸರಿಗಾಗಿ ಅಮ್ಮನಿಗೆ ವಾರಕ್ಕೊಮ್ಮೆ ಪರೇಲಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಕೊಡುತ್ತಿದ್ದಾರೆ. ಬೆರಳ ತುದಿಗಳು ಜುಮ್ಮೆನ್ನುತ್ತವೆ, ಸೀರೆಗೆ ಪಿನ್ನು ಹಾಕಿಕೊಳ್ಳಲು ಆಗುತ್ತಿಲ್ಲ, ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ. ಮಾಟುಂಗಾದಿಂದ ಒಂದೆಲಗ ತಂದು ತಂಬುಳಿ ಮಾಡುತ್ತಿದ್ದೇವೆ. ಬ್ರಾಹ್ಮಿ, ಅಶ್ವಗಂಧದ ಮಾತ್ರೆಗಳನ್ನೂ ಕೊಡಬಹುದೇ?

ಉತ್ತರ: ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಸೀಸೆಯನ್ನು ತೋರಿಸಿ ಅವರು ಒಪ್ಪುವವರೆಗೆ ಮಾತ್ರೆಗಳನ್ನು ಕೊಡಬೇಡಿ. ತಂಬುಳಿಯ ಮಾತು ಬೇರೆ. ಅಡುಗೆಯಲ್ಲಿ ಬಳಸುವಷ್ಟು ಸೊಪ್ಪಿನ ಬಗ್ಗೆ ನನಗೆ ಆತಂಕವಿಲ್ಲ. ಆದರೆ ಕೀಮೋ ಅವಧಿಯಲ್ಲಿ ಸೋಂಕಿನ ಭಯವಿರುವುದರಿಂದ ಅದನ್ನು ಚೆನ್ನಾಗಿ ತೊಳೆದು, ಬೇಯಿಸಿಯೇ ಬಳಸಿ. ತುಳುವರು ತಿಮರೆ ಎನ್ನುವ ಈ ಒಂದೆಲಗವನ್ನು ನಮ್ಮಲ್ಲಿ ಬ್ರಾಹ್ಮಿಯೆಂದೂ ಕರೆಯುತ್ತಾರೆ, ಆದರೆ ಬ್ರಾಹ್ಮಿ ಎಂಬ ಹೆಸರಿನ ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ನೀರುಬ್ರಾಹ್ಮಿ ಎಂಬ ಬೇರೆಯೇ ಸಸ್ಯ.

ಸೊಂಟದಿಂದ ಕಾಲ್ಬೆರಳಿನವರೆಗೆ ಹೋಗುವ ನರತಂತುವಿನ ಉದ್ದ ಸುಮಾರು 1 ಮೀಟರ್. ಅದರೊಳಗೆ ಪೋಷಕಾಂಶಗಳು ಸೂಕ್ಷ್ಮ ಕೊಳವೆಗಳ ದಾರಿ ಹಿಡಿದು ಸಾಗುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಕ್ಯಾನ್ಸರ್ ಕೋಶ ಒಡೆದು ಎರಡಾಗದಂತೆ ತಡೆಯುವುದು ಆ ಕೋಶದೊಳಗೂ ಇರುವ ಇಂಥವೇ ಕೊಳವೆಗಳನ್ನು ಬಿಗಿಯಾಗಿ ಹಿಡಿದಿಟ್ಟು; ನರದೊಳಗಿನ ಕೊಳವೆಗಳನ್ನೂ ಅದು ಬಿಡುವುದಿಲ್ಲ. ಆದ್ದರಿಂದಲೇ ಅತಿ ಉದ್ದದ ನರಗಳ ತುದಿಗಳು, ಅಂದರೆ ಕಾಲ್ಬೆರಳು ಮತ್ತು ಕೈಬೆರಳುಗಳು, ಮೊದಲು ಸೊರಗುತ್ತವೆ.

ಅರಿಶಿನದ ಕುರ್ಕುಮಿನ್ ಸೇರಿದಂತೆ ಹಲವು ಸಸ್ಯಸಾರಗಳು ಇಲಿಗಳ ನರಗಳನ್ನು ರಕ್ಷಿಸಿದ ವರದಿಗಳಿವೆ. ಮನುಷ್ಯರಲ್ಲಿ ಪರೀಕ್ಷಿಸಿದಾಗ ಕಂಡದ್ದು ನಿರಾಶೆ. ಜಪಾನಿನ ಗೋಶಾಜಿಂಕಿಗಾನ್ ಎಂಬ ಹತ್ತು ಮೂಲಿಕೆಗಳ ಮಿಶ್ರಣವನ್ನು ನರಗಳನ್ನು ನೋಯಿಸುವ ಇನ್ನೊಂದು ಕೀಮೋ ಔಷಧಿಯಾದ ಆಕ್ಸಾಲಿಪ್ಲಾಟಿನ್ ಪಡೆಯುತ್ತಿದ್ದ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗವನ್ನು ಪ್ರಯೋಜನ ಕಾಣದೆ ನಡುವೆಯೇ ನಿಲ್ಲಿಸಲಾಯಿತು. ನೆನಪಿನ ಶಕ್ತಿಗೆಂದು ಕೀಮೋ ಪಡೆಯುವ ಮಹಿಳೆಯರಿಗೆ ಗಿಂಕೋ ಎಂಬ ಮರದ ಎಲೆಯ ಸಾರ ಕೊಟ್ಟ ಅಮೆರಿಕದ ಪ್ರಯೋಗದಲ್ಲೂ (2013) ಲಾಭ ಕಾಣಲಿಲ್ಲ. ಮೂಲಿಕೆಯಲ್ಲದಿದ್ದರೂ ನರಗಳಿಗೆ ಒಳ್ಳೆಯದೆಂದು ಮಾರಾಟವಾಗುವ ಅಸಿಟೈಲ್ ಎಲ್-ಕಾರ್ನಿಟಿನ್, ಅದೇ ವರ್ಷ ಪ್ರಕಟವಾದ ಪ್ರಯೋಗದಲ್ಲಿ, ಅಮ್ಮನಿಗೆ ಕೊಡುತ್ತಿರುವಂತಹ ಔಷಧಿ ಪಡೆದ ಮಹಿಳೆಯರ ನರಗಳ ತೊಂದರೆಯನ್ನು ಹೆಚ್ಚಿಸಿತು. ಔಷಧಿ ಅಂಗಡಿಯಲ್ಲಿ ಯಾರಾದರೂ ಅದನ್ನು ಸೂಚಿಸಿದರೆ ದಯವಿಟ್ಟು ಕೊಳ್ಳಬೇಡಿ.

ಅಶ್ವಗಂಧದ ಬಗ್ಗೆ ನನಗಿರುವ ಚಿಂತೆ ಯಕೃತ್ತಿನದು. ಅದರ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ, ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ದೇಹದಿಂದ ಹೊರಹೋಗುವುದು ಯಕೃತ್ತಿನ ಮೂಲಕವೇ. ಅದು ಸೋತರೆ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು, ಯಾವ ನರಗಳನ್ನು ಕಾಯಬೇಕೆಂದು ಹೊರಟಿರೋ ಅವುಗಳನ್ನೇ ಇನ್ನಷ್ಟು ನೋಯಿಸಬಹುದು.

ಪಿನ್ನು ಹಾಕಿಕೊಳ್ಳಲಾಗದ ವಿಷಯವನ್ನು ಮುಂದಿನ ಡೋಸಿಗೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಚಿಕಿತ್ಸೆ ನಿಂತುಹೋದೀತೆಂಬ ಅಂಜಿಕೆಯಿಂದ ಅನೇಕ ತಾಯಂದಿರು ಇದನ್ನು ಮುಚ್ಚಿಡುತ್ತಾರೆ. ಆದರೆ ಡೋಸನ್ನು ತಗ್ಗಿಸುವುದು, ಮುಂದೂಡುವುದು ಅಥವಾ ಔಷಧಿ ಬದಲಿಸುವುದೇ ಇಂದು ನರಗಳಿಗೆ ದೊರೆಯುವ ನಿಜವಾದ ರಕ್ಷಣೆ, ಮತ್ತು ಆ ನಿರ್ಧಾರ ಸಕಾಲಕ್ಕೆ ಆಗಬೇಕು. ಜುಮ್ಮೆನ್ನುವುದು ಉರಿನೋವಾಗಿ ಬೆಳೆದರೆ ಡುಲಾಕ್ಸೆಟಿನ್ ಎಂಬ ಮಾತ್ರೆ ಕೆಲವರಿಗೆ ನೆರವಾಗುತ್ತದೆ, ಅದನ್ನೂ ವೈದ್ಯರೇ ಬರೆದುಕೊಡಬೇಕು. ಮರೆವಿನ ವಿಷಯವನ್ನೂ ಅದೇ ಭೇಟಿಯಲ್ಲಿ ಹೇಳಿ, ಏಕೆಂದರೆ ರಕ್ತಹೀನತೆ, ನಿದ್ರೆಗೇಡು, ಥೈರಾಯ್ಡ್ ಅಥವಾ ಬಿ12 ಕೊರತೆ ಅದರ ಹಿಂದೆ ಇದ್ದರೆ ಅವಕ್ಕೆ ಚಿಕಿತ್ಸೆ ಇದೆ. ಅಲ್ಲಿಯವರೆಗೆ ಹಾಲು ಕಾಯಿಸುವ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳಲಿ: ಬೆರಳಿಗೆ ಸ್ಪರ್ಶ ತಿಳಿಯದಿದ್ದಾಗ ಬಿಸಿಯೂ ತಡವಾಗಿ ತಿಳಿಯುತ್ತದೆ.